ದುಂದುಗಾರನೆಂಬ ಹೆಸರಿನ ಅಶ್ವ

ನಮ್ಮ ಪೇಟೆಯಲ್ಲಿ ಓಟದ ಕುದುರೆಯ ಮಾತೆತ್ತಿದೊಡನೆ ಕೇಳಿಬರುವ ಪ್ರಶ್ನೆ ಒಂದೇ: ಅದರ ಮೇಲೆ ಎಷ್ಟು ಕಟ್ಟಿದಿರಿ? ಓಡಿದ ಪ್ರಾಣಿಯ ಗುಣವನ್ನು ವಿಚಾರಿಸುವ ಮಹನೀಯರು ವಿರಳ. ಹರಿಹರದಲ್ಲಿಯೂ ದಾವಣಗೆರೆಯಲ್ಲಿಯೂ ರೈಲು ಹತ್ತಿ ಬೆಂಗಳೂರಿನ ರೇಸಿಗೆ ಹೋಗಿ, ಹಿಂದಿರುಗುವಾಗ ಟಿಕೀಟಿನ ಹಣಕ್ಕೂ ಪರದಾಡಿದವರನ್ನು ನಾವು ಬಲ್ಲೆವು. ಅಂತಹವರೊಬ್ಬರನ್ನು, ಅವರು ನೋಡಿಬಂದ ಕುದುರೆಯ ಬಣ್ಣವೇನೆಂದು ಕೇಳಿದೆವು. ಅವರಿಗೆ ಅದರ ನಂಬರು ಮಾತ್ರ ನೆನಪಿದ್ದಿತು!

ಆದರೆ ದಾವಣಗೆರೆಗೂ ಅಶ್ವಕ್ಕೂ ಇರುವ ಹಳೆಯ ನಂಟು ಜೂಜಿನದಲ್ಲ. ಬೇತೂರಿನ ಆಸರೆಯಲ್ಲಿದ್ದ ಈ ಸಣ್ಣ ಹಳ್ಳಿಯನ್ನು ಹೈದರಾಲಿಯು, ಕುದುರೆಯ ದಂಡಿನೊಡನೆ ತನ್ನನ್ನು ಬಂದು ಸೇರಿದ ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆ ಸರದಾರನು ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದಲೇ ಇಲ್ಲಿ ಪೇಟೆ ಬೆಳೆಯಿತು. ಕುದುರೆಯ ಬೆನ್ನಿನಿಂದ ಹುಟ್ಟಿದ ಊರಿನವರು ಕುದುರೆಯನ್ನು ಬರಿಯ ನಂಬರೆಂದು ಎಣಿಸುವುದು ನಮಗೆ ಸರಿಯೆಂದು ತೋರುವುದಿಲ್ಲ.

ಆದಕಾರಣ ಒಂದು ಕುದುರೆಯ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ. ಅದರ ಹೆಸರು ಸ್ಕ್ವಾಂಡರರ್, ಎಂದರೆ ದುಂದುಗಾರ. 1973ರಲ್ಲಿ ನಮ್ಮ ದೇಶದಲ್ಲಿಯೇ ಹುಟ್ಟಿದ ಈ ಅಶ್ವವನ್ನು ಪಳಗಿಸಿದವರು ಬೆಂಗಳೂರಿನಲ್ಲಿ ಹೆಸರಾಗಿದ್ದ ರಶೀದ್ ಬೈರಾಮಜಿಯವರು. ಅದು ತನ್ನ ಆಯುಷ್ಯದಲ್ಲಿ ಓಡಿದ್ದು 19 ಪಂದ್ಯ, ಗೆದ್ದದ್ದು 18. ವಕೀಲರಾಗಲಿ ವರ್ತಕರಾಗಲಿ ತಮ್ಮ ವೃತ್ತಿಯಲ್ಲಿ ಇಂತಹ ಲೆಕ್ಕ ತೋರಿಸಬಲ್ಲರೇ?

ಈ ಲೆಕ್ಕದ ಬೆಲೆ ತಿಳಿಯಬೇಕಾದರೆ ಓಟದ ಕ್ರಮವನ್ನು ಸ್ವಲ್ಪ ಅರಿಯಬೇಕು. ಸಾಧಾರಣ ಪಂದ್ಯಗಳಲ್ಲಿ ಬಲವಾದ ಕುದುರೆಗೆ ಹೆಚ್ಚು ತೂಕವನ್ನೂ ದುರ್ಬಲವಾದದ್ದಕ್ಕೆ ಕಡಮೆ ತೂಕವನ್ನೂ ಹೊರಿಸಿ, ಎಲ್ಲಕ್ಕೂ ಸಮನಾದ ಅವಕಾಶವಿರುವಂತೆ ಮಾಡುವರು. ಗೆದ್ದಷ್ಟೂ ಬೆನ್ನ ಮೇಲಿನ ಭಾರ ಏರುವುದು. ಡರ್ಬಿಯಂತಹ ಮಹಾಪಂದ್ಯಗಳಲ್ಲಿ ಈ ಉಪಚಾರವಿಲ್ಲ; ಹೆಣ್ಣುಕುದುರೆಗೆ ಕೊಡುವ ಅಲ್ಪ ರಿಯಾಯಿತಿಯ ಹೊರತು ಎಲ್ಲಕ್ಕೂ ಒಂದೇ ತೂಕ. ಇಂಗ್ಲೆಂಡಿನ ಎಪ್ಸಮ್ ಡರ್ಬಿಯು 1780ರಿಂದ ನಡೆದುಬಂದಿದೆ. ಅಲ್ಲಿ ಮೂರು ವರ್ಷದ ಕುದುರೆಗಳು ಓಡುತ್ತವೆ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ನಡೆಯುವ ಇಂಡಿಯನ್ ಡರ್ಬಿಯು ನಾಲ್ಕು ವರ್ಷದವುಗಳಿಗೆ. ದೂರ 2400 ಮೀಟರು. 1943ರ ಮೊದಲ ಡರ್ಬಿಯನ್ನು ಬರೋಡಾ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣುಕುದುರೆ ಗೆದ್ದಿತು. ಮೇಲೆ ಕುಳಿತಿದ್ದ ಜಾಕಿ ಆಸ್ಟ್ರೇಲಿಯಾದ ಎಡ್ಗರ್ ಬ್ರಿಟ್. 1977ರಲ್ಲಿ ಅದೇ ಪಂದ್ಯ ಸ್ಕ್ವಾಂಡರರ್‌ನ ಪಾಲಾಯಿತು.

ಇಂತಹ ಕುದುರೆಗಳ ಕುಲವನ್ನು ವಿಲಾಯತಿಯದೆಂದು ಜರೆಯುವವರೂ ಇದ್ದಾರೆ. ಜಗತ್ತಿನ ಥರೋಬ್ರೆಡ್ ಕುದುರೆಗಳೆಲ್ಲವೂ ತಂದೆಯ ಕಡೆಯಿಂದ ಮೂರೇ ಮೂಲಪುರುಷರಿಗೆ ಸೇರುತ್ತವೆ. ಆ ಮೂರೂ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದವು. ಅದಕ್ಕೂ ಎಷ್ಟೋ ಮೊದಲು ವಿಜಯನಗರದ ಅರಸರಿಗಾಗಿ ಅರಬ್ಬೀ ಕುದುರೆಗಳು ನಮ್ಮ ಭಟ್ಕಳದ ರೇವಿನಲ್ಲಿ ಇಳಿಯುತ್ತಿದ್ದವು. ಕುಲದ ಮಾತು ಹೀಗಿರುವಾಗ ಅದರ ಮೇಲೆ ನಮಗೇಕೆ ಅಸೂಯೆ?

ಇನ್ನು ಜೂಜಿನ ವಿಷಯ. 1996ರಲ್ಲಿ ಸುಪ್ರೀಂ ಕೋರ್ಟು ಮದರಾಸಿನ ಮೊಕದ್ದಮೆಯೊಂದರಲ್ಲಿ ಕುದುರೆ ಪಂದ್ಯವನ್ನು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು. ನ್ಯಾಯಾಧೀಶರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಪರಂತು ಆ ಕೌಶಲವು ಕುದುರೆಯಲ್ಲಿಯೂ ಜಾಕಿಯಲ್ಲಿಯೂ, ನಸುಕಿನಲ್ಲಿಯೇ ಎದ್ದು ಮೈತಿಕ್ಕುವ ಲಾಯದ ಆಳಿನಲ್ಲಿಯೂ ಇರುವಷ್ಟು, ಸಂಬಳದ ದಿನವೇ ಕಿಟಕಿಯ ಮುಂದೆ ನೂಕುವ ಗುಮಾಸ್ತನಲ್ಲಿ ಇದೆಯೆಂದು ನಂಬುವುದು ಕಷ್ಟ. ಆತನ ಮನೆಯಲ್ಲಿ ಅಂದು ಅಕ್ಕಿಯ ಲೆಕ್ಕ ಬೇರೆಯಾಗಿಯೇ ನಡೆದಿರುತ್ತದೆ.

ಟೋಟಿನ ಕ್ರಮವಾದರೂ ಹೇಗಿದೆ? ಕಟ್ಟಿದ ಹಣವನ್ನೆಲ್ಲ ಒಂದೆಡೆ ಕೂಡಿಸಿ, ತೆರಿಗೆಯನ್ನೂ ಕ್ಲಬ್ಬಿನ ಪಾಲನ್ನೂ ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುವರು. ಗೆದ್ದೇ ಗೆಲ್ಲುವುದೆಂದು ಜನರೆಲ್ಲರೂ ಒಂದೇ ಕುದುರೆಯ ಮೇಲೆ ಕಟ್ಟಿದರೆ ತಲೆಗೆ ಬರುವುದು ಅತ್ಯಲ್ಪ. ಹತ್ತೊಂಬತ್ತರಲ್ಲಿ ಹದಿನೆಂಟು ಗೆಲ್ಲುವ ಪ್ರಾಣಿಯಿಂದ ಜೂಜುಗಾರನು ಧನಿಕನಾಗಲಾರ. ದುಂದುಗಾರನೆಂಬ ಹೆಸರನ್ನು ಕುದುರೆ ಹೊತ್ತಿತು. ದುಂದನ್ನು ಮಾಡಿದವರು ಕಟಕಟೆಯ ಈಚೆ ನಿಂತಿದ್ದರು.