ಧನಕವಡಿಯಲ್ಲಿ ಹಳಗನ್ನಡ

ಕನ್ನಡ ಸಾಹಿತ್ಯ ಪರಿಷತ್ತು ನಡೆಯಿಸುವ ಪರೀಕ್ಷೆಗಳ ವಿಷಯ ನಮ್ಮ ವಾಚಕರಲ್ಲಿ ಅನೇಕರಿಗೆ ಗೊತ್ತಿದ್ದುದೇ. ಪ್ರವೇಶ, ಕಾವ, ಜಾಣ, ರತ್ನ ಎಂದು ನಾಲ್ಕು ಮೆಟ್ಟಲು. ಮೊದಲಿನ ಎರಡನ್ನು ಮನೆಯಲ್ಲಿ ಕನ್ನಡ ಮಾತನಾಡುವ ಮಕ್ಕಳು ಸ್ವಲ್ಪ ಅಭ್ಯಾಸದಿಂದ ದಾಟಿಬಿಡುತ್ತಾರೆ. ಜಾಣಕ್ಕೆ ಬಂದಾಗ ಕಾಲು ತಡೆಯುತ್ತದೆ. ಹಳಗನ್ನಡ, ವ್ಯಾಕರಣ, ಛಂದಸ್ಸು ಎಂಬ ಮೂರು ಹೆಸರು ಕೇಳಿದೊಡನೆ ಹುಡುಗರಿಗಿಂತ ಮೊದಲು ತಾಯಿತಂದೆಗಳೇ ಹೆದರುತ್ತಾರೆ.

ಧನಕವಡಿಯಲ್ಲಿ ಪ್ರತಿ ಆದಿತ್ಯವಾರ ಸಂಜೆ ಒಂದು ಮನೆಯ ಗಚ್ಚಿಯ ಮೇಲೆ ನಾವು ಈ ಪಾಠ ನಡೆಯಿಸುತ್ತಿದ್ದೇವೆ. ನಾವು ಪಂಡಿತರಲ್ಲ, ಸರಕಾರಿ ಕಚೇರಿಯಲ್ಲಿ ಕಡತ ಸಾಗಿಸುವವರು. ಬಿ.ಎ.ಗೆ ಕನ್ನಡ ಓದಿದ್ದಷ್ಟೇ ನಮ್ಮ ಬಂಡವಾಳ. ಬರುವವರು ಎಂಟು, ಒಂಬತ್ತು, ಹತ್ತನೆಯ ಇಯತ್ತೆಯ ಮಕ್ಕಳು. ಸಾಲೆಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಹಿಂದಿ, ಮನೆಯಲ್ಲಿ ಮಾತ್ರ ಕನ್ನಡ. ಇಂಥವರಿಗೆ ಪಂಪ, ರನ್ನರನ್ನು ಹೇಳುವುದು ಹೇಗೆ ಎಂದು ಕೇಳುವವರಿಗೆ ನಮ್ಮ ಉತ್ತರ ಇದು: ಇವರಿಗೆ ಅದು ಕಠಿಣವೇ ಸರಿ, ಆದರೆ ಊರಲ್ಲಿರುವ ಹುಡುಗರ ಕೈಯಲ್ಲಿ ಇಲ್ಲದ ಎರಡು ಮೂರು ಕೀಲಿಕೈಗಳು ಇವರ ಕೈಯಲ್ಲಿವೆ.

ಮೊದಲನೆಯದು ನೆರೆಮನೆಯವರ ಮಾತು. ಹಳಗನ್ನಡದ ಪದಪಟ್ಟಿಯನ್ನು ಮೊದಲ ಸಲ ಕಂಡ ಒಬ್ಬ ಹುಡುಗ, “ಕಾಕಾ, ಇದು ಕನ್ನಡ ಹೌದೇನ್ರಿ?” ಎಂದು ಕೇಳಿದ. ಪಾಲ್, ಪುಲಿ, ಪೂ, ಪಲ್ ಎಂದು ಬರೆದಿತ್ತು. ಅವನ ಪಕ್ಕದಲ್ಲಿದ್ದ ಹುಡುಗಿ ನಕ್ಕು, ಮೇಲಿನ ಮನೆಯ ತಮಿಳು ಅಜ್ಜಿ ಹಾಲಿಗೆ ಪಾಲ್ ಎಂದೇ ಅನ್ನುತ್ತಾರೆ, ಹೂವಿಗೆ ಪೂ ಅನ್ನುತ್ತಾರೆ ಎಂದಳು. ಪಾಠ ಅಲ್ಲಿಗೆ ಅರ್ಧ ಮುಗಿಯಿತು. ಹಿಂದಿನ ಪಕಾರ ಕಾಲಕ್ರಮದಲ್ಲಿ ಕನ್ನಡದಲ್ಲಿ ಹಕಾರವಾಯಿತು, ತಮಿಳಿನಲ್ಲಿ ಹಾಗೆಯೇ ಉಳಿಯಿತು ಎಂದು ನಾವು ಒಂದು ಮಾತು ಸೇರಿಸಿದ್ದಷ್ಟೆ. ಪೆಸರ್ ಎಂದರೆ ಹೆಸರು, ಪಳ್ಳಿ ಎಂದರೆ ಹಳ್ಳಿ ಎಂದು ಮಿಕ್ಕುದನ್ನು ಅವರೇ ಬಿಡಿಸಿದರು. ಈಗ ಬಳಕೆ ತಪ್ಪಿರುವ ೞ ಎಂಬ ಅಕ್ಷರದ ಉಚ್ಚಾರವನ್ನು ತಿಳಿಸಬೇಕಾದಾಗಲೂ ಆ ಅಜ್ಜಿಯ ಬಾಯಲ್ಲಿ ‘ತಮಿಳು’ ಎಂಬ ಶಬ್ದವನ್ನು ಕೇಳಿ ಬನ್ನಿರೆಂದು ಕಳಿಸಿದೆವು.

ಎರಡನೆಯದು ಇನ್ನೂ ಸೊಗಸಿನದು. ಪುಣೆಯಲ್ಲಿ ಬೆಳೆದ ಮಗುವಿಗೆ ಮದುವೆಯ ಮಂಗಳಾಷ್ಟಕದ ಧಾಟಿ ಗೊತ್ತಿರದೆ ಇರಲಾರದು. ಅಕ್ಷತೆ ಎಸೆಯುವ ಗಡಿಬಿಡಿಯಲ್ಲಿಯೂ ಅದು ಕಿವಿಗೆ ಬಿದ್ದಿರುತ್ತದೆ. ಆ ಮಂಗಳಾಷ್ಟಕಗಳ ವೃತ್ತ ಶಾರ್ದೂಲವಿಕ್ರೀಡಿತ. ಪಾದಕ್ಕೆ 19 ಅಕ್ಷರ. ಮ, ಸ, ಜ, ಸ, ತ, ತ ಗಣಗಳು, ಕೊನೆಗೊಂದು ಗುರು. ನಮ್ಮ ಚಂಪೂ ಕವಿಗಳು ಬಹಳವಾಗಿ ಬಳಸಿದ, ಖ್ಯಾತಕರ್ನಾಟಕವೆಂದು ಹೆಸರಾದ ಆರು ವೃತ್ತಗಳಲ್ಲಿ ಇದೂ ಒಂದು. ಪಂಪನ ಪದ್ಯವೊಂದನ್ನು ಅದೇ ಧಾಟಿಯಲ್ಲಿ ಹೇಳಿಸಿದಾಗ ಮಕ್ಕಳ ಮುಖ ನೋಡಬೇಕು! ಅರ್ಥ ಇನ್ನೂ ಆಗಿಲ್ಲ, ಆದರೆ ಎಲ್ಲಿ ಎಳೆಯಬೇಕು, ಎಲ್ಲಿ ಹಾರಿಸಬೇಕು ಎಂಬುದು ನಾಲಿಗೆಗೆ ಬಂದಿದೆ. ಗಣ ಹಾಕುವುದು ಮರಾಠಿ ವ್ಯಾಕರಣದಲ್ಲಿಯೂ ಇರುವುದರಿಂದ ದೊಡ್ಡ ಹುಡುಗರಿಗೆ ಅದು ಹೊಸದಲ್ಲ. ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸವಿಡುವ ಕನ್ನಡದ ಪದ್ಧತಿಯನ್ನು ಮಾತ್ರ ಬೇರೆಯಾಗಿ ತೋರಿಸಬೇಕಾಗುತ್ತದೆ.

ಇವರ ನಿಜವಾದ ತೊಡಕು ಬೇರೆ ಕಡೆಗಿದೆ. ದೇವನಾಗರಿಯಲ್ಲಿ ಬರೆದು ಬೆಳೆದ ಕೈಗೆ ಎ, ಏ ಎಂದೂ ಒ, ಓ ಎಂದೂ ಎರಡೆರಡು ಇರುತ್ತವೆಂಬುದು ನೆನಪಿರುವುದಿಲ್ಲ. ಹೊಲದಲ್ಲಿ ಬೇಳೆ ಚೆನ್ನಾಗಿದೆ, ಪುಸ್ತಕ ಕೋಡು ಎಂದು ಬರೆಯುತ್ತಾರೆ. ಬಾಯಲ್ಲಿ ಸರಿಯಾಗಿ ಅನ್ನುವ ಮಗುವೇ ಕಾಗದದ ಮೇಲೆ ತಪ್ಪುತ್ತದೆ. ಕೆಂಪು ಶಾಯಿಯಿಂದ ಎಷ್ಟು ತಿದ್ದಿದರೂ ನಿಲ್ಲದಿದ್ದ ಈ ದೋಷ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿಸತೊಡಗಿದ ಮೇಲೆ ಬಹಳ ಮಟ್ಟಿಗೆ ಕಡಿಮೆಯಾಯಿತು. ಮೊದಲ ಸಾಲಿನಲ್ಲಿ 14 ಮಾತ್ರೆ ಬರಬೇಕು. ‘ಬೆಳೆ’ಗೆ ಎರಡು ಮಾತ್ರೆ, ‘ಬೇಳೆ’ಗೆ ಮೂರು. ಒಂದು ಕೊಂಬು ಹೆಚ್ಚು ಎಳೆದರೆ ಲೆಕ್ಕ 15ಕ್ಕೆ ಹೋಗಿ ಗಣ ಕೆಡುತ್ತದೆ. ಮೂರನೆಯ ಸಾಲಿಗೆ 23, ಇಡಿಯ ಪದ್ಯಕ್ಕೆ 102. ಮಾಸ್ತರರು ತಪ್ಪೆಂದರೆ ವಾದಿಸುವ ಹುಡುಗ ಲೆಕ್ಕ ತಪ್ಪೆಂದರೆ ಸುಮ್ಮನೆ ತಿದ್ದಿಕೊಳ್ಳುತ್ತಾನೆ. ಛಂದಸ್ಸು ಕಾಗುಣಿತವನ್ನು ಕಲಿಸೀತೆಂದು ನಾವು ಎಣಿಸಿರಲಿಲ್ಲ.

ಪದ್ಯದ ಅರ್ಥಕ್ಕೆ ನಮ್ಮದು ಒಂದೇ ಕ್ರಮ. ಮೊದಲು ಎರಡು ಸಲ ಗಟ್ಟಿಯಾಗಿ ಓದುವುದು, ಸಂಧಿ ಬಿಡಿಸುವುದು, ಕ್ರಿಯಾಪದವನ್ನು ಹುಡುಕುವುದು, ಯಾರು, ಯಾರಿಗೆ ಎಂದು ಕೇಳಿ ಗದ್ಯದ ಕ್ರಮಕ್ಕೆ ತರುವುದು. ಆಮೇಲೆಯೇ ನಿಘಂಟು. ಪೇಟೆಯ ಗೈಡುಗಳ ಸಾರಾಂಶವನ್ನು ಕಂಠಪಾಠ ಮಾಡಿದವರು ಸಂದರ್ಭ ವಿವರಿಸಿರೆಂಬ ಪ್ರಶ್ನೆಗೆ ಇಡಿಯ ಕಥೆಯನ್ನೇ ಬರೆದು ಬರುತ್ತಾರೆ. ವಿಮರ್ಶೆಯ ಪ್ರಶ್ನೆಗೆ ಮಕ್ಕಳು ತಮ್ಮದೇ ಮಾತು ಬರೆಯಲೆಂಬುದು ನಮ್ಮ ಆಸೆ. ಪಂಪನ ಕರ್ಣನನ್ನು ಓದುವಾಗ ಒಂಬತ್ತನೆಯ ಇಯತ್ತೆಯ ಒಬ್ಬಳು ಮರಾಠಿಯಲ್ಲಿ ಶಿವಾಜಿ ಸಾವಂತರ ‘ಮೃತ್ಯುಂಜಯ’ವನ್ನು ಓದಿದ್ದಳು. 941ರ ಪಂಪ, 1967ರ ಸಾವಂತ, ಇಬ್ಬರಿಗೂ ಕರ್ಣನ ಮೇಲೆ ಯಾಕಿಷ್ಟು ಮಮತೆ ಎಂದು ಅವಳು ಎರಡು ಪುಟ ಬರೆದು ತಂದಳು. ಅಂಥ ಎರಡು ಪುಟ ಯಾವ ಗೈಡಿನಲ್ಲಿಯೂ ಸಿಗಲಾರವು.

ಇನ್ನು ಕವಿರಾಜಮಾರ್ಗ. ಸುಮಾರು 850ರಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ಈ ಗ್ರಂಥ ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದಷ್ಟೆ. ನಕಾಶೆ ಬಿಡಿಸಿ ನೋಡಿದರೆ ಮುಠಾ ನದಿ ಗೋದಾವರಿಯ ದಕ್ಷಿಣಕ್ಕೇ ಹರಿಯುತ್ತದೆ. ಇದನ್ನು ಗಡಿಯ ಜಗಳಕ್ಕೆ ಎಳೆಯಬೇಡಿರೆಂದು ಮಕ್ಕಳಿಗೆ ಮೊದಲೇ ಹೇಳಿ, ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆಗೆ ಕರೆದುಕೊಂಡು ಹೋದೆವು. ಅದು ಎಂಟನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದು. ಪಠ್ಯದಲ್ಲಿ ಬರೇ ಹೆಸರಾಗಿದ್ದ ಅರಸು ಮನೆತನಕ್ಕೆ ಅಂದಿನಿಂದ ಕಲ್ಲಿನ ಗುರುತು ಸಿಕ್ಕಿತು.

ಎಲ್ಲವೂ ಸುಗಮವೆಂದು ತಿಳಿಯಬಾರದು. ಜೂನಿನಲ್ಲಿ ಹನ್ನೊಂದು ಮಕ್ಕಳಿದ್ದರು, ಈಗ ಆರು. ಹತ್ತನೆಯ ಇಯತ್ತೆಯ ಟ್ಯೂಶನ್ನು ಆದಿತ್ಯವಾರವನ್ನೂ ಬಿಡುವುದಿಲ್ಲ. ಇದರಿಂದ ಬೋರ್ಡಿನ ಪರೀಕ್ಷೆಗೆ ಮಾರ್ಕು ಸಿಗುವುದೇ ಎಂದು ಒಬ್ಬ ತಂದೆ ಕೇಳಿದರು. ಇಲ್ಲ ಎಂದೆವು, ಸುಳ್ಳು ಹೇಳಿ ಯಾರನ್ನೂ ಕೂಡ್ರಿಸುವುದು ತರವಲ್ಲ. ಆದರೆ ಅವರ ಮಗಳು ತಾನೇ ಬೆಳಿಗ್ಗೆ ಅರ್ಧ ತಾಸು ಮುಂಚೆ ಏಳುತ್ತೇನೆಂದು ಹೇಳಿ ಉಳಿದುಕೊಂಡಿದ್ದಾಳೆ. ಗದಗಿನ ಕಡೆಯ ಅವಳ ಅಜ್ಜಿ ಫೋನಿನಲ್ಲಿ ಕುಮಾರವ್ಯಾಸನ ಪದ್ಯ ಹೇಳುತ್ತಾರಂತೆ, ಈಕೆ ಇತ್ತ ಮಾತ್ರೆ ಎಣಿಸುತ್ತಾಳಂತೆ. ಅಜ್ಜಿಗೆ ಓದಲು ಬಾರದು; ಪದ್ಯಗಳೆಲ್ಲ ಬಾಯಿಪಾಠ. ಮೊಮ್ಮಗಳು ಅವನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದಾಳೆ, ಇಲ್ಲಿಯವರೆಗೆ ನಲವತ್ತಾಗಿವೆ.

ದೀಪಾವಳಿಯ ಬಿಡುವಿನ ನಂತರ ಕಂದಪದ್ಯವನ್ನು ಹಿಡಿಯುವವರಿದ್ದೇವೆ. ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ದ ಒಂದೇ ಪ್ರತಿ ಆರು ಕೈ ತಿರುಗುತ್ತಿದೆ; ಡಿ. ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ನಮ್ಮಲ್ಲಿ ಇಲ್ಲವೇ ಇಲ್ಲ. ವಾಚಕರ ಕಪಾಟಿನಲ್ಲಿ ಇವು ಇದ್ದರೆ ಮಾರ್ಚಿಯವರೆಗೆ ಕಡವಾಗಿ ಕೊಡಬೇಕು. ರಟ್ಟು ಹಾಕಿಸಿಯೇ ಹಿಂದಿರುಗಿಸುವೆವು.