ಸರ್ವರ್ ಗಡಿಯಾರ ತಪ್ಪಿದರೆ: ತಿದ್ದುವ ಮೊದಲು ಅಳೆಯಿರಿ

ಪಾಸ್‌ವರ್ಡ್ ಸರಿಯಿದೆ, ಲಾಗಿನ್ ಮಾತ್ರ ಆಗುತ್ತಿಲ್ಲ. ಹೊಸದಾಗಿ ಹಾಕಿದ ಭದ್ರತಾ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲವೆಂದು ಸರ್ವರ್ ಹಟ ಹಿಡಿದಿದೆ. ಇಂಥ ದೂರು ಬಂದಾಗ ಮೊದಲು ಗಡಿಯಾರ ನೋಡಿ. ಲಾಗಿನ್ ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. 30 ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಆ್ಯಪ್ ಕೋಡ್‌ಗಳೂ ಗಡಿಯಾರ ತಪ್ಪಿದರೆ ಹೊಂದುವುದಿಲ್ಲ.

ಗಡಿಯಾರ ತಪ್ಪಿದ್ದು ಕಂಡೊಡನೆ ಕೈಯಿಂದ ತಿದ್ದಬೇಡಿ. ಎಷ್ಟು ತಪ್ಪಿದೆ, ಯಾವಾಗಿನಿಂದ ತಪ್ಪಿದೆ ಎಂದು ಬರೆದುಕೊಳ್ಳಿ. ಕಾರಣದ ಸುಳಿವು ಅಲ್ಲೇ ಇರುತ್ತದೆ.

ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ: ಇದು ಟೈಮ್‌ಜೋನ್ ಎಡವಟ್ಟು. ಲಿನಕ್ಸ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶ ಕೊಟ್ಟರೆ ಸ್ಥಳೀಯ ಸಮಯ, ಯುಟಿಸಿ (ಜಾಗತಿಕ ಸಮಯ), ಮದರ್‌ಬೋರ್ಡ್ ಗಡಿಯಾರ ಮೂರೂ ಕಾಣುತ್ತವೆ. ಯುಟಿಸಿ ಸರಿಯಿದ್ದರೆ ಟೈಮ್‌ಜೋನ್ ಬದಲಿಸಿದರೆ ಸಾಕು. ಯುಟಿಸಿಯೇ ತಪ್ಪಿದ್ದರೆ ಮದರ್‌ಬೋರ್ಡ್ ಗಡಿಯಾರದಲ್ಲಿ ಭಾರತೀಯ ಸಮಯ ಕೂತಿರಬಹುದು. ವಿಂಡೋಸ್ ಅಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಇಡುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ವರ್ಷಗಳಷ್ಟು ಹಿಂದೆ: ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಹಲವು ಸರ್ವರ್‌ಗಳಲ್ಲಿ ಇರುವುದು ಸಿಆರ್2032. ಅದನ್ನು ಬದಲಿಸಿ.

ದಿನಕ್ಕಿಷ್ಟು ಸೆಕೆಂಡ್ ಜಾರುವುದು: ಸ್ಫಟಿಕದ ಗಡಿಯಾರ ಉಷ್ಣಾಂಶಕ್ಕೆ ತಕ್ಕಂತೆ ಸ್ವಲ್ಪ ಮುಂದೆ ಓಡುತ್ತದೆ ಇಲ್ಲವೇ ಹಿಂದೆ ಬೀಳುತ್ತದೆ. ನೆಟ್‌ವರ್ಕ್ ಮೂಲಕ ಅದನ್ನು ತಿದ್ದುತ್ತಿರಬೇಕಾದ ಎನ್‌ಟಿಪಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಎನ್‌ಟಿಪಿ ತಂತ್ರಾಂಶ ಕ್ರೋನಿ ಆಗಿದ್ದರೆ, ‘ಕ್ರೋನಿಸಿ ಸೋರ್ಸಸ್’ ಆದೇಶದ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಇರುವುದೇ ಸದ್ಯ ಅನುಸರಿಸುತ್ತಿರುವ ಮೂಲ. ‘ರೀಚ್’ ಕಾಲಂನಲ್ಲಿ 377 ಇದ್ದರೆ ಕೊನೆಯ ಎಂಟು ವಿಚಾರಣೆಗೂ ಉತ್ತರ ಬಂದಿದೆ. 0 ಇದ್ದರೆ ಒಂದಕ್ಕೂ ಬಂದಿಲ್ಲ. ಆಗ ಫೈರ್‌ವಾಲ್‌ನಲ್ಲಿ ಯುಡಿಪಿ 123ನೇ ಪೋರ್ಟ್ ಮುಚ್ಚಿದೆಯೇ ನೋಡಿ.

ವರ್ಚುವಲ್ ಯಂತ್ರದಲ್ಲಿ ಹಿಂದೆಮುಂದೆ ನೆಗೆತ: ಒಂದೇ ಗಡಿಯಾರವನ್ನು ಹೋಸ್ಟ್ ಯಂತ್ರ, ಎನ್‌ಟಿಪಿ ಎರಡೂ ತಿದ್ದುತ್ತಿರಬಹುದು. ಒಂದನ್ನು ಮಾತ್ರ ಉಳಿಸಿ.

ಕಾರಣ ಸಿಕ್ಕ ಮೇಲೆ ತಿದ್ದುಪಡಿ. ಸಣ್ಣ ವ್ಯತ್ಯಾಸವನ್ನು ಕ್ರೋನಿ ತಾನೇ ಮೆಲ್ಲಗೆ ಸರಿದೂಗಿಸುತ್ತದೆ. ಹಳೆಯ ತಂತ್ರಾಂಶ ಎನ್‌ಟಿಪಿಡಿ ಮಾತ್ರ, ಸಾಮಾನ್ಯವಾಗಿ 1000 ಸೆಕೆಂಡ್ ಮೀರಿದ ವ್ಯತ್ಯಾಸ ಕಂಡರೆ ತಿದ್ದದೆ ನಿಂತುಬಿಡುತ್ತದೆ. ದೊಡ್ಡ ವ್ಯತ್ಯಾಸವಿದ್ದರೆ ಡೇಟಾಬೇಸ್ ಮತ್ತು ನಿಗದಿತ ಕೆಲಸಗಳನ್ನು ನಿಲ್ಲಿಸಿ, ‘ಕ್ರೋನಿಸಿ ಮೇಕ್‌ಸ್ಟೆಪ್’ ಕೊಟ್ಟು, ಸಮಯ ಸರಿಯಾದ ಮೇಲೆ ಸೇವೆಗಳನ್ನು ಮತ್ತೆ ಆರಂಭಿಸಿ. ಡೇಟಾಬೇಸ್ ನಡೆಯುತ್ತಿರುವಾಗ ಸಮಯ ಹಿಂದಕ್ಕೆ ನೆಗೆದರೆ ದಾಖಲೆಗಳ ಅನುಕ್ರಮವೇ ಕೆಡಬಹುದು.

ಸಮಯದ ಮೂಲ ಒಂದೇ ಇದ್ದರೆ ಅದು ತಪ್ಪಿದರೂ ಗೊತ್ತಾಗದು. ಎರಡಿದ್ದು ಜಗಳವಾದರೆ ಯಾವುದು ಸರಿ ಎಂದು ತೀರ್ಮಾನಿಸಲಾಗದು. ನಾಲ್ಕಿರಲಿ. ಭಾರತದಲ್ಲಿ ಸಂಸ್ಥೆಗಳ ಸರ್ವರ್‌ಗಳು ಎನ್ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವನ್ನು ಅನುಸರಿಸುವ ಸರ್ವರ್‌ಗಳಿಗೆ ಹೊಂದಿಕೊಂಡಿರಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ. ದಾಳಿಯ ತನಿಖೆಯಲ್ಲಿ ಹತ್ತು ಸರ್ವರ್‌ಗಳ ಲಾಗ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಲು ಈ ಸಮಾನ ಸಮಯವೇ ಆಧಾರ.