‘ಪಿಲರಿ’ : ಒಂದು ಇಂಗ್ಲಿಷ್ ಕ್ರಿಯಾಪದದ ಕಥೆ

(ಬಿ.ಎ. ಅಂತಿಮ ವರ್ಷ)

ಇಂಗ್ಲಿಷ್ ವೃತ್ತಪತ್ರಿಕೆಗಳನ್ನು ಓದುವ ವಿದ್ಯಾರ್ಥಿಮಿತ್ರರಿಗೆ ‘ಪಿಲರಿ’ ಎಂಬ ಶಬ್ದವು ಆಗಾಗ ಎದುರಾಗುವದುಂಟು. ಒಬ್ಬ ಮಂತ್ರಿಯನ್ನೋ ಆಟಗಾರನನ್ನೋ ಪತ್ರಿಕೆಗಳು ‘ಪಿಲರಿ’ ಮಾಡಿದವು ಎಂದರೆ, ನಾಲ್ಕು ಜನರೆದುರು ನಿಲ್ಲಿಸಿ ಛೀಮಾರಿ ಹಾಕಿದವು ಎಂದರ್ಥ. ನಿಘಂಟಿನಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಈ ಕ್ರಿಯಾಪದವು ಮೊದಲು ಒಂದು ವಸ್ತುವಿನ ಹೆಸರಾಗಿದ್ದಿತು.

ಹಳೆಯ ಫ್ರೆಂಚಿನ ‘ಪಿಲೋರಿ’ಯಿಂದ ಈ ಶಬ್ದವು ಇಂಗ್ಲಿಷಿಗೆ ಬಂದಿತು. ಅದರ ಹಿಂದಿನ ಬೇರಿನ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪೇಟೆಯ ನಡುವೆ ಕಟ್ಟೆಯ ಮೇಲೆ ಒಂದು ಕಂಬ. ಕಂಬಕ್ಕೆ ಕೀಲಿಸಿದ ಹಲಗೆಗಳು. ಹಲಗೆಗಳಲ್ಲಿ ಕೊರಳಿಗೊಂದು, ಕೈಗಳಿಗೆರಡು ರಂಧ್ರಗಳು. ತೂಕದಲ್ಲಿ ಮೋಸ ಮಾಡಿದವರನ್ನೂ ಸುಳ್ಳು ಸಾಕ್ಷಿ ಹೇಳಿದವರನ್ನೂ ಇದರಲ್ಲಿ ಸಿಕ್ಕಿಸಿ ನಿಲ್ಲಿಸುತ್ತಿದ್ದರು. ನಿಲ್ಲಿಸುವದಷ್ಟೇ ಸರಕಾರದ ಕೆಲಸ. ಮುಂದಿನದು ನೆರೆದವರ ಕೈಯಲ್ಲಿ. ಕೊಳೆತ ತತ್ತಿ, ಕೆಸರು, ಕೆಲವೊಮ್ಮೆ ಕಲ್ಲು.

1703ರಲ್ಲಿ ಡೇನಿಯಲ್ ಡೀಫೋ ಎಂಬ ಲೇಖಕನನ್ನು, ಧರ್ಮದ ಅಸಹನೆಯನ್ನು ಹಾಸ್ಯಮಾಡಿ ಬರೆದುದಕ್ಕಾಗಿ, ಲಂಡನ್ನಿನಲ್ಲಿ ಮೂರು ದಿನ ಹೀಗೆ ನಿಲ್ಲಿಸಿದರು. ಜನರು ಕಲ್ಲೆಸೆಯದೆ ಹೂವೆರಚಿದರೆಂದು ಪ್ರತೀತಿ. 1732ರಲ್ಲಿ ಅದೇ ನಗರದಲ್ಲಿ ಸುಳ್ಳು ಸಾಕ್ಷಿಯ ಜಾನ್ ವಾಲರ್ ಎಂಬವನನ್ನು ನಿಲ್ಲಿಸಿದಾಗ ಜನರು ಅವನನ್ನು ಅಲ್ಲಿಯೇ ಕೊಂದರು. ನ್ಯಾಯಾಲಯವು ಅವನಿಗೆ ಮರಣದಂಡನೆ ವಿಧಿಸಿರಲಿಲ್ಲ. 1837ರಲ್ಲಿ ಇಂಗ್ಲೆಂಡು ಈ ಶಿಕ್ಷೆಯನ್ನು ಪೂರ್ತಿಯಾಗಿ ತೆಗೆದುಹಾಕಿತು. ಆದರೆ ‘ಬಹಿರಂಗವಾಗಿ ಹೀಯಾಳಿಸು’ ಎಂಬ ಅರ್ಥವು 17ನೆಯ ಶತಮಾನದ ಕೊನೆಗೇ ಹುಟ್ಟಿಕೊಂಡಿದ್ದಿತು. ಕಂಬ ಹೋಯಿತು, ಶಬ್ದ ಉಳಿಯಿತು.

ಮೂರು ಭಾಷೆಗಳು ಕೂಡಿದ ನಮ್ಮ ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಇಂಥ ಮಾತುಗಳಿಗೆ ಬಡತನವಿಲ್ಲ. ಉರ್ದುವಿನಿಂದ ‘ಬದನಾಮ’ ಬಂದಿದೆ. ತಪ್ಪಿತಸ್ಥನನ್ನು ಕತ್ತೆಯ ಮೇಲೆ ಕೂಡಿಸಿ ಮೆರೆಸುವದಕ್ಕೆ ಮರಾಠಿಯಲ್ಲಿ ‘ಧಿಂಡ’ ಎನ್ನುವರು. ‘ಪಿಲರಿ’ಗೆ ಇದೇ ತೀರ ಹತ್ತಿರದ ಶಬ್ದ. ನಾವು ಸಾಮಾನ್ಯವಾಗಿ ಬಳಸುವ ‘ಖಂಡಿಸು’ ಮಾತ್ರ ಬೇರೆ ಜಾತಿಯದು. ಖಂಡಿಸುವದೆಂದರೆ ಕಡಿಯುವದು. ಶಾಸ್ತ್ರಚರ್ಚೆಯಲ್ಲಿ ಕಡಿಯುವದು ಎದುರಾಳಿಯ ವಾದವನ್ನು, ಎದುರಾಳಿಯನ್ನಲ್ಲ. ಅವನಿಗೆ ಮರಳಿ ಮಾತಾಡುವ ಹಕ್ಕುಂಟು. ಕೊರಳಿಗೆ ಹಲಗೆ ಬಿದ್ದವನಿಗೆ ಆ ಹಕ್ಕೆಲ್ಲಿಯದು?

ಇಂಥ ಶಿಕ್ಷೆಯ ಕಥೆ ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿಯೇ ಇದೆ. 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತೆಂದು, ಬಿಜ್ಜಳನು ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದು ಶರಣಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸಿದುದು ಕೊಲ್ಲುವದಕ್ಕೆ ಮಾತ್ರವಲ್ಲ, ಉಳಿದವರು ನೋಡಿ ಹೆದರಲೆಂದು. ಆದರೆ ಇಂದು ಜನರು ಗೌರವದಿಂದ ನೆನೆಯುವದು ಎಳೆಯಲ್ಪಟ್ಟವರನ್ನು. ಡೀಫೋನ ಕಥೆಯೂ ಇದೇ ಮಾತನ್ನು ಹೇಳುವದು: ಬೀದಿಯಲ್ಲಿ ನಿಲ್ಲಿಸಿದ ಮಾತ್ರಕ್ಕೆ ಮನುಷ್ಯನು ಅಪರಾಧಿಯಾಗುವದಿಲ್ಲ.

ಜನರು ತಪ್ಪಿದರೆ ಏನಾಗುವದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. 2018ರ ಜುಲೈದಲ್ಲಿ ಔರಾದ ಭಾಗದ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಗಾಳಿಮಾತನ್ನು ನಂಬಿದ ಗುಂಪು ಹೈದರಾಬಾದಿನ ತರುಣ ಇಂಜಿನಿಯರನೊಬ್ಬನನ್ನು ಹೊಡೆದು ಕೊಂದಿತು. ಅವನ ಜೊತೆಗಾರರೂ, ಬಿಡಿಸಲು ಹೋದ ಪೋಲೀಸರೂ ಗಾಯಗೊಂಡರು. ಅವರು ಮಾಡಿದ್ದು ಮಕ್ಕಳಿಗೆ ಚಾಕಲೇಟು ಕೊಟ್ಟದ್ದು. ಸುದ್ದಿಯು ವಾಟ್ಸ್ಯಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತ್ತು. ವಾಲರನನ್ನಾದರೂ ಒಂದು ನ್ಯಾಯಾಲಯವು ವಿಚಾರಿಸಿತ್ತು. ಇಲ್ಲಿ ವಿಚಾರಣೆಯೇ ಇರಲಿಲ್ಲ.

ಆದುದರಿಂದ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಬಾರದೇ? ಖಂಡಿತವಾಗಿ ಖಂಡಿಸಬೇಕು. ಬಾಯಿಲ್ಲದವರಿಗೆ ಅದೊಂದೇ ಬಲ. ಆದರೆ ಕೃತ್ಯವನ್ನು ಹೆಸರಿಸಿ, ಆಧಾರ ತೋರಿಸಿ, ಉತ್ತರಕ್ಕೆ ಎಡೆ ಕೊಡಬೇಕು. ನನ್ನಂತೆ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಇಲ್ಲಿ ಅನೇಕರಿದ್ದಾರೆ. ಊರಿಗೆ ಹೋದಾಗ ಮನೆಯವರು ಮೊಬೈಲನ್ನು ಮುಂದೆ ಹಿಡಿದು, “ಇದು ಖರೆ ಏನಪಾ?” ಎಂದು ಕೇಳುವದು ನಮ್ಮನ್ನೇ. ನಾವು ಓದಿದ್ದು ಪ್ರಯೋಜನಕ್ಕೆ ಬರಬೇಕಾದುದು ಆಗಲೇ. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ವಿಚಾರಿಸೋಣ, ಯಾರಿಗೂ ಕಳಿಸಬೇಡಿ” ಎನ್ನುವಷ್ಟಾದರೂ ನಾವು ಕಲಿತಿರಬೇಕು.